ಆಟದ ಕಂಪ್ಯೂಟರಿಗೆ ಎಪ್ಪತ್ತು ಸಾವಿರ: ಯಾವ ಭಾಗಕ್ಕೆ ಎಷ್ಟು?

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದರೆ ಸೈಕಲ್ ಕೊಡಿಸುತ್ತೇನೆಂದು ಅಪ್ಪಂದಿರು ಮಾತು ಕೊಡುತ್ತಿದ್ದ ಕಾಲವೊಂದಿತ್ತು. ಈಗ ಆ ಸೈಕಲ್ಲಿನ ಜಾಗದಲ್ಲಿ ಕಂಪ್ಯೂಟರ್ ಬಂದು ಕುಳಿತಿದೆ. ಅದೂ ಸಾಮಾನ್ಯ ಕಂಪ್ಯೂಟರಲ್ಲ, ‘ಗೇಮಿಂಗ್ ಪಿಸಿ’. ಮಗನೋ ಮಗಳೋ ಹಾಳೆಯೊಂದರಲ್ಲಿ ಬಿಡಿಭಾಗಗಳ ಹೆಸರು ಬರೆದು ತಂದೆಯ ಮುಂದಿಡುತ್ತಾರೆ. ಅದರಲ್ಲಿನ ಅಕ್ಷರ, ಅಂಕಿಗಳು ತಂದೆಗೆ ಡಾಕ್ಟರ ಚೀಟಿಯಷ್ಟೇ ಅರ್ಥವಾಗುತ್ತವೆ. ಕೊನೆಯ ಸಾಲಿನ ಮೊತ್ತ ಮಾತ್ರ ಚೆನ್ನಾಗಿ ಅರ್ಥವಾಗುತ್ತದೆ: ಎಪ್ಪತ್ತು ಸಾವಿರ!

ಸಂಬಳದಲ್ಲಿ ಬದುಕುವ ಮನೆಗೆ ಇದು ಸಣ್ಣ ಹಣವಲ್ಲ. ಕಾಲೇಜಿನ ಶುಲ್ಕ, ಪುಸ್ತಕ, ಬಸ್ ಪಾಸುಗಳ ಜೊತೆಗೆ ಇದೂ ಬರಬೇಕು. ಸರಿಯಾಗಿ ಹಂಚಿದರೆ ಈ ಹಣದಲ್ಲಿ ನಾಲ್ಕೈದು ವರ್ಷ ಬಾಳುವ, ಆಟಕ್ಕೂ ಓದಿಗೂ ಒದಗುವ ಯಂತ್ರ ಸಿಗುತ್ತದೆ. ತಪ್ಪಾಗಿ ಹಂಚಿದರೆ ಬಣ್ಣಬಣ್ಣದ ದೀಪ ಉರಿಯುವ ಗಾಜಿನ ಪೆಟ್ಟಿಗೆ ಸಿಗುತ್ತದೆ. ಅಂಗಡಿಗೆ ಹೋಗುವ ಮೊದಲು ತಂದೆ ಮಕ್ಕಳು ಒಟ್ಟಿಗೆ ಕುಳಿತು ತಿಳಿಯಬೇಕಾದ ಸಂಗತಿಗಳು ಬಹಳವೇನಿಲ್ಲ. ಪ್ರೌಢಶಾಲೆಯ ಭೌತಶಾಸ್ತ್ರ ಮತ್ತು ಸ್ವಲ್ಪ ಗುಣಾಕಾರ ಸಾಕು.

ಮೊದಲಿಗೇ ಒಂದು ಗೊಂದಲವನ್ನು ತೆಗೆದುಬಿಡೋಣ. ‘ಗೇಮಿಂಗ್’ ಎಂಬ ಶಬ್ದ ಕೇಳಿದೊಡನೆ ಕೆಲವು ಪೋಷಕರಿಗೆ ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಇಸ್ಪೀಟು ನೆನಪಾಗುತ್ತದೆ. ಅಂಥ ಹಣದಾಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ. ಇಲ್ಲಿ ಹೇಳುತ್ತಿರುವುದು ಅದಲ್ಲ. ಕೌಶಲದ, ಕಥೆಯ, ಓಟದ ಆಟಗಳು. ಅವುಗಳಲ್ಲೂ ಉಡುಗೆ, ಆಯುಧ ಎಂದು ಹಣ ಕೇಳುವವು ಇವೆ. ಆದ್ದರಿಂದ ಕಾರ್ಡಿನ ಸಂಖ್ಯೆಯನ್ನು ಆ ಕಂಪ್ಯೂಟರಿನಲ್ಲಿ ಉಳಿಸದಿರುವುದು ಕ್ಷೇಮ.

ಪರದೆಯಿಂದ ಆರಂಭಿಸಿ

ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, ‘ಐ5 ಬೇಕೋ, ಐ7 ಬೇಕೋ?’ ಎಂಬುದು. ನನ್ನ ಪ್ರಕಾರ ಇದು ತಲೆಕೆಳಗಾದ ಪ್ರಶ್ನೆ. ಕೇಳಬೇಕಾದದ್ದು, ಯಾವ ಆಟ, ಎಂಥ ಪರದೆಯ ಮೇಲೆ? ಉಳಿದೆಲ್ಲವೂ ಇದರಿಂದ ಹಿಂದಕ್ಕೆ ಲೆಕ್ಕ ಹಾಕುವಂಥದ್ದು. ಸಂಪಿನ ಮೋಟಾರು ಕೊಳ್ಳುವಾಗ ನೀರು ಎಷ್ಟು ಎತ್ತರಕ್ಕೆ ಏರಬೇಕೆಂದು ಮೊದಲು ನೋಡುವುದಿಲ್ಲವೇ? ಹಾಗೆ.

ಪರದೆಯೆಂದರೆ ಸಣ್ಣ ಸಣ್ಣ ಚುಕ್ಕೆಗಳ ಜಾಲರಿ. ಫುಲ್ ಎಚ್‌ಡಿ ಎನ್ನುವ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080, ಒಟ್ಟು 20,73,600 ಚುಕ್ಕೆಗಳಿರುತ್ತವೆ. 4ಕೆ ಎನ್ನುವ ಪರದೆಯಲ್ಲಿ 3,840 ಮತ್ತು 2,160, ಅಂದರೆ ಸುಮಾರು 83 ಲಕ್ಷ. ಸರಿಯಾಗಿ ನಾಲ್ಕು ಪಟ್ಟು. ಆಟದಲ್ಲಿ ಪ್ರತಿಯೊಂದು ಚಿತ್ರಕ್ಕೂ ಪ್ರತಿಯೊಂದು ಚುಕ್ಕೆಯ ಬಣ್ಣವನ್ನು ಹೊಸದಾಗಿ ಲೆಕ್ಕ ಹಾಕಬೇಕು. ಸೆಕೆಂಡಿಗೆ 60 ಚಿತ್ರಗಳಾದರೆ ಫುಲ್ ಎಚ್‌ಡಿಯಲ್ಲೇ ಸೆಕೆಂಡಿಗೆ ಹನ್ನೆರಡು ಕೋಟಿಗೂ ಹೆಚ್ಚು ಚುಕ್ಕೆಗಳು. 144 ಚಿತ್ರಗಳಾದರೆ ಸುಮಾರು ಮೂವತ್ತು ಕೋಟಿ! ಸಿನಿಮಾದಲ್ಲಿ ಮೊದಲೇ ತೆಗೆದಿಟ್ಟ ಚಿತ್ರಗಳನ್ನು ತೋರಿಸಿದರೆ ಮುಗಿಯಿತು. ಆಟದಲ್ಲಿ ಹಾಗಲ್ಲ, ನೀವು ಎಡಕ್ಕೆ ತಿರುಗುತ್ತೀರೋ ಬಲಕ್ಕೆ ತಿರುಗುತ್ತೀರೋ ಯಂತ್ರಕ್ಕೆ ಮೊದಲೇ ತಿಳಿಯದು. ಸಿನಿಮಾ ಸಲೀಸಾಗಿ ಓಡಿಸುವ ಕಂಪ್ಯೂಟರ್ ಆಟದಲ್ಲಿ ತಡವರಿಸುವುದು ಈ ಕಾರಣದಿಂದ.

ಆದ್ದರಿಂದ ಮೊದಲ ತೀರ್ಮಾನ ಇಲ್ಲೇ ಆಗಲಿ. ಮಿತವಾದ ಹಣದಲ್ಲಿ ಫುಲ್ ಎಚ್‌ಡಿ ಪರದೆಯೇ ಸಾಕು, 24 ಇಂಚಿನ ಅಳತೆ, ಐಪಿಎಸ್ ಎಂಬ ಬಗೆಯ ಪರದೆ. ರಿಫ್ರೆಶ್ ದರ 100 ಹರ್ಟ್ಜ್ ಅಥವಾ ಅದಕ್ಕಿಂತ ಹೆಚ್ಚಿರಲಿ. 60 ಹರ್ಟ್ಜ್ ಪರದೆ 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸಿದರೆ 144 ಹರ್ಟ್ಜ್‌ನದು 6.9 ಮಿಲಿಸೆಕೆಂಡಿಗೊಮ್ಮೆ ಬದಲಿಸುತ್ತದೆ. ಗುರಿಯಿಟ್ಟು ಹೊಡೆಯುವ ಆಟಗಳಲ್ಲಿ ಈ ವ್ಯತ್ಯಾಸ ಕಣ್ಣಿಗೂ ಕೈಗೂ ತಿಳಿಯುತ್ತದೆ. 4ಕೆ ಪರದೆಯ ಆಸೆಯನ್ನು ಕೆಲಸಕ್ಕೆ ಸೇರಿದ ಮೇಲಿನ ದಿನಗಳಿಗೆ ಕಾದಿರಿಸಬಹುದು.

ಆರು ಪಂಡಿತರು, ಸಾವಿರಾರು ಮಕ್ಕಳು

ಈ ಕೋಟಿಗಟ್ಟಲೆ ಲೆಕ್ಕ ಮಾಡುವವರು ಯಾರು? ಪ್ರೊಸೆಸರ್ ಎಂದು ಬಹುಮಂದಿ ತಿಳಿದಿದ್ದಾರೆ. ಅಲ್ಲ, ಗ್ರಾಫಿಕ್ಸ್ ಕಾರ್ಡ್.

ಪ್ರೊಸೆಸರ್ ಆರು ಮಂದಿ ಗಣಿತದ ಪಂಡಿತರಿದ್ದಂತೆ. ಎಂಥ ಜಟಿಲ ಸಮಸ್ಯೆ ಕೊಟ್ಟರೂ ಹಂತ ಹಂತವಾಗಿ ಬಿಡಿಸಿಬಿಡುತ್ತಾರೆ. ಆದರೆ ಒಂದೊಂದು ಚುಕ್ಕೆಗೂ ಬಣ್ಣ ಹಾಕುವುದು ಜಟಿಲ ಸಮಸ್ಯೆಯಲ್ಲ. ಅದು ಕೂಡು, ಗುಣಿಸು ಎನ್ನುವ ಸರಳ ಕೆಲಸ, ಕೋಟಿ ಸಲ ಮಾಡಬೇಕಾದದ್ದು. ಇಂಥದಕ್ಕೆ ಆರು ಪಂಡಿತರಿಗಿಂತ ಮಗ್ಗಿ ಬಲ್ಲ ನಾಲ್ಕು ಸಾವಿರ ಮಕ್ಕಳನ್ನು ಮೈದಾನದಲ್ಲಿ ಸಾಲಾಗಿ ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಕೊಡುವುದು ಮೇಲು. ಗ್ರಾಫಿಕ್ಸ್ ಕಾರ್ಡಿನ ಒಳಗೆ ಇರುವುದು ಇದೇ ಏರ್ಪಾಡು. ಎನ್ವಿಡಿಯಾ ಕಂಪನಿ 2025ರಲ್ಲಿ ಹೊರತಂದ ಆರ್‌ಟಿಎಕ್ಸ್ 5060 ಎಂಬ ಕಾರ್ಡಿನಲ್ಲಿ ಇಂಥ 3,840 ಸಣ್ಣ ಗಣಕಗಳಿವೆ. ಅದೇ ವರ್ಷದ ಅಗ್ಗದ ತಮ್ಮ ಆರ್‌ಟಿಎಕ್ಸ್ 5050ಯಲ್ಲಿ 2,560. ಕೃತಕ ಬುದ್ಧಿಮತ್ತೆಯ ಯಂತ್ರಗಳೂ ಇದೇ ಬಗೆಯ ಚಿಪ್‌ಗಳ ಮೇಲೆ ನಡೆಯುತ್ತಿವೆ ಎಂಬುದನ್ನು ಆಟವನ್ನು ಕಾಲಹರಣವೆನ್ನುವ ಹಿರಿಯರಿಗೆ ತಿಳಿಸಬಹುದು.

ಹಾಗಾಗಿ ಆಟದ ಕಂಪ್ಯೂಟರಿನಲ್ಲಿ ಹಣದ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು. ಮಿತ ಹಣದವರು ನೋಡಬೇಕಾದದ್ದು ಎನ್ವಿಡಿಯಾದ ಮೇಲಿನ ಎರಡು, ಎಎಂಡಿಯ ಆರ್‌ಎಕ್ಸ್ 7600, ಇನ್ನೂ ಅಗ್ಗಕ್ಕೆ ಸಿಕ್ಕರೆ 2021ರ ಆರ್‌ಎಕ್ಸ್ 6600, ಮತ್ತು ಇಂಟೆಲ್‌ನ ಆರ್ಕ್ ಬಿ580. ಮೊದಲ ನಾಲ್ಕರಲ್ಲೂ 8 ಜಿಬಿ ಮೆಮೊರಿ ಇದೆ, ಇಂಟೆಲ್‌ನದರಲ್ಲಿ 12 ಜಿಬಿ. ಇಂಟೆಲ್ ಕಾರ್ಡು ಹಳೆಯ ಕಾಲದ ಪ್ರೊಸೆಸರಿನೊಡನೆ ಅಷ್ಟು ಹೊಂದುವುದಿಲ್ಲ ಎಂಬುದು ನೆನಪಿರಲಿ.

ಮೆಮೊರಿಯ ಮಾತು ಬಂದಿದ್ದರಿಂದ ಒಂದು ಎಚ್ಚರಿಕೆ. ‘ಇದರಲ್ಲಿ ನಾಲ್ಕು ಜಿಬಿ ಇದೆ ಸಾರ್’ ಎಂದು ಜಿಟಿ 730 ಎಂಬ ಕಾರ್ಡನ್ನು ತೋರಿಸುವ ಅಂಗಡಿಗಳು ಇವೆ. ಅದು 2014ರ ಕಾರ್ಡು. ಅದರಲ್ಲಿರುವ ಗಣಕಗಳು, ಬಗೆಯನ್ನು ಅನುಸರಿಸಿ, 384 ಅಥವಾ ಬರೀ 96. ಜಿಬಿ ಎನ್ನುವುದು ಮೈದಾನದ ಅಳತೆ. ಲೆಕ್ಕ ಮಾಡುವ ಮಕ್ಕಳ ಸಂಖ್ಯೆಯಲ್ಲ. ದೊಡ್ಡ ಮೈದಾನದಲ್ಲಿ ನಾಲ್ಕು ಮಕ್ಕಳನ್ನು ಕೂರಿಸಿದರೆ ಲೆಕ್ಕ ಬೇಗ ಮುಗಿದೀತೇ?

ಇನ್ನೊಂದು ಬಗೆಯ ಮೋಸವೂ ಇದೆ. ಕಾನೂನಿನ ಪ್ರಕಾರ ಮೋಸವಲ್ಲ ಎನ್ನಿ. ಹೆಸರು ಒಂದೇ, ಒಳಗಿನ ಸರಕು ಬೇರೆ. ಆರ್‌ಟಿಎಕ್ಸ್ 3050 ಎಂಬ ಹೆಸರಿನಲ್ಲಿ 8 ಜಿಬಿಯದೂ 6 ಜಿಬಿಯದೂ ಇವೆ. ಮೊದಲನೆಯದರಲ್ಲಿ 2,560 ಗಣಕಗಳು, ಎರಡನೆಯದರಲ್ಲಿ 2,304. ಹಾಗೆಯೇ ಆರ್‌ಎಕ್ಸ್ 580 ಎಂಬ ಹಳೆಯ ಕಾರ್ಡಿನ ಹೆಸರಿನ ಮುಂದೆ ‘2048ಎಸ್‌ಪಿ’ ಎಂದು ಸಣ್ಣಕ್ಷರದಲ್ಲಿ ಇದ್ದರೆ ಅದು ಪೂರ್ಣ ಕಾರ್ಡಲ್ಲ. ಡಬ್ಬಿಯ ಮೇಲಿನ ಪೂರ್ತಿ ಹೆಸರನ್ನು ಓದಿ, ಬಿಲ್ಲಿನಲ್ಲೂ ಅದನ್ನೇ ಬರೆಸಬೇಕು.

ನೂರು ರೂಪಾಯಿಯ ಹಂಚಿಕೆ

ಬೆಲೆಗಳು ವಾರ ವಾರಕ್ಕೂ ಬದಲಾಗುತ್ತವೆ. ಹಾಗಾಗಿ ಬೆಲೆಪಟ್ಟಿ ಕೊಡುವ ಬದಲು ಹಂಚಿಕೆಯ ಲೆಕ್ಕ ಕೊಡುತ್ತೇನೆ. ಕೈಯಲ್ಲಿ ನೂರು ರೂಪಾಯಿ ಇದೆ ಎಂದುಕೊಳ್ಳಿ. ನಾನಾದರೆ ಗ್ರಾಫಿಕ್ಸ್ ಕಾರ್ಡಿಗೆ 35, ರ‍್ಯಾಮ್‌ಗೆ 13, ಪ್ರೊಸೆಸರಿಗೆ 12, ಪರದೆಗೆ 12, ಮದರ್‌ಬೋರ್ಡಿಗೆ 9, ಎಸ್‌ಎಸ್‌ಡಿಗೆ 8, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ಗೆ 6, ಕ್ಯಾಬಿನೆಟ್ಟಿಗೆ 5 ರೂಪಾಯಿ ಇಡುತ್ತೇನೆ. ಎಪ್ಪತ್ತು ಸಾವಿರವಾದರೆ ಕಾರ್ಡಿಗೆ 24,500, ಪ್ರೊಸೆಸರಿಗೆ 8,400, ಎಸ್‌ಎಂಪಿಎಸ್‌ಗೆ 4,200 ಹೀಗೆ. ಕೀಬೋರ್ಡ್, ಮೌಸ್, ಯುಪಿಎಸ್ ಇದರಲ್ಲಿ ಸೇರಿಲ್ಲ. ವಿಂಡೋಸ್‌ನ ಪರವಾನಗಿಯೂ ಸೇರಿಲ್ಲ. ಅದಕ್ಕೂ ಹಣವಿದೆ ಎಂಬುದನ್ನು ಅಂಗಡಿಗಳಲ್ಲಿ ಯಾರೂ ನೆನಪಿಸುವುದಿಲ್ಲ. ಕದ್ದ ಪ್ರತಿ ಹಾಕಿ ಕಳಿಸುತ್ತಾರೆ. ಅಂಥ ಪ್ರತಿಯ ಜೊತೆ ಬರುವ ಕಳ್ಳ ತಂತ್ರಾಂಶ ಅದೇ ಯಂತ್ರದಲ್ಲಿ ತಂದೆ ಬ್ಯಾಂಕಿನ ವ್ಯವಹಾರ ಮಾಡುವಾಗ ಏನು ಮಾಡೀತೆಂದು ಯೋಚಿಸಬೇಕು.

ಮಕ್ಕಳ ಚೀಟಿಯನ್ನು ಈ ಹಂಚಿಕೆಯ ಪಕ್ಕದಲ್ಲಿಟ್ಟು ನೋಡಿ. ಸಾಮಾನ್ಯವಾಗಿ ಎರಡು ಕಡೆ ಹಣ ಹೆಚ್ಚಾಗಿರುತ್ತದೆ: ಪ್ರೊಸೆಸರ್ ಮತ್ತು ಕ್ಯಾಬಿನೆಟ್. ಒಂದು ಕಡೆ ಕಡಿಮೆಯಾಗಿರುತ್ತದೆ: ಎಸ್‌ಎಂಪಿಎಸ್. ಕಾರಣ ಸರಳ. ಪ್ರೊಸೆಸರಿನ ಹೆಸರನ್ನು ಗೆಳೆಯರಿಗೆ ಹೇಳಿಕೊಳ್ಳಬಹುದು, ಕ್ಯಾಬಿನೆಟ್ಟನ್ನು ತೋರಿಸಬಹುದು. ಎಸ್‌ಎಂಪಿಎಸ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಪ್ರೊಸೆಸರಿನ ವಿಷಯದಲ್ಲಿ ಐ3ಗಿಂತ ಐ7 ಮೇಲು ಎಂಬ ನಂಬಿಕೆ ಬೇರೂರಿದೆ. ನಮ್ಮ ಶಾಲೆಯ ಹುಡುಗನೊಬ್ಬನ ತಂದೆ, ಆಟೋ ಓಡಿಸುವವರು, ಹಳೆಯ ಐ7 ಯಂತ್ರವೊಂದನ್ನು ಇಪ್ಪತ್ತೆರಡು ಸಾವಿರ ಕೊಟ್ಟು ತಂದರು. ‘ಐ7, 16 ಜಿಬಿ’ ಎಂಬ ಚೀಟಿ ಅದರ ಮೇಲೆ ಅಂಟಿಸಿತ್ತು. ಪ್ರೊಸೆಸರಿನ ಸಂಖ್ಯೆ 3770. ಈ ಸರಣಿಯಲ್ಲಿ ಕೊನೆಯ ಮೂರಂಕಿಗಳನ್ನು ಬಿಟ್ಟು ಮುಂದಿನದನ್ನು ಓದಿದರೆ ಪೀಳಿಗೆ ತಿಳಿಯುತ್ತದೆ. 3770 ಎಂದರೆ ಮೂರನೆಯ ಪೀಳಿಗೆ, 2012ರದು. 12100 ಎಂದರೆ ಹನ್ನೆರಡನೆಯ ಪೀಳಿಗೆ, 2022ರ ಐ3. ಎರಡರಲ್ಲೂ ನಾಲ್ಕೇ ಕೋರ್‌ಗಳು. ಹತ್ತು ವರ್ಷ ಕಿರಿಯದಾದ ಐ3 ಆ ಐ7ಅನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಹುಡುಗನಿಗೆ ಬೇಕಾಗಿದ್ದದ್ದು ವ್ಯಾಲೊರಂಟ್ ಎಂಬ ಆಟ. ಅದು ವಿಂಡೋಸ್ 11ರಲ್ಲಿ ಓಡಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಅಂಶವೂ ಸೆಕ್ಯೂರ್ ಬೂಟ್ ಎಂಬುದೂ ಇರಲೇಬೇಕು. ಆ ಹಳೆಯ ಯಂತ್ರದಲ್ಲಿ ಅದಿರಲಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಪ್ಪತ್ತೆರಡು ಸಾವಿರ ದುಡಿಯಲು ಆಟೋದಲ್ಲಿ ಎಷ್ಟು ದಿನ ಬೇಕೆಂಬುದನ್ನು ಅಂಗಡಿಯವನು ಯೋಚಿಸಿರಲಾರ.

ಹೊಸದಾಗಿ ಕೊಳ್ಳುವವರಿಗೆ ಆರು ಕೋರ್‌ಗಳ ಎಎಂಡಿ ರೈಜೆನ್ 5 5600 ಅಥವಾ ಇಂಟೆಲ್ ಕೋರ್ ಐ5-12400ಎಫ್ ಸಾಕು. ತೀರ ಬಿಗಿಯಾದರೆ ಐ3-12100ಎಫ್. ಇಂಟೆಲ್‌ನಲ್ಲಿ ಹೆಸರಿನ ತುದಿಗೆ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಪ್ರತ್ಯೇಕ ಕಾರ್ಡು ಹಾಕದೆ ಪರದೆಯಲ್ಲಿ ಏನೂ ಮೂಡದು. ರೈಜೆನ್ 5 5600 ಕೂಡ ಹಾಗೆಯೇ. ಈ ಪ್ರೊಸೆಸರ್‌ಗಳೆಲ್ಲ ಡಿಡಿಆರ್4 ಬಗೆಯ ರ‍್ಯಾಮ್‌ನೊಂದಿಗೆ ನಡೆಯುತ್ತವೆ. ಎಎಂಡಿಯ 2022ರ ಹೊಸ ಎಎಂ5 ಕೂಡುಗುಳಿಯ ಪ್ರೊಸೆಸರ್‌ಗಳಿಗೆ ಡಿಡಿಆರ್5 ಮಾತ್ರ. ಒಂದರ ರ‍್ಯಾಮ್ ಇನ್ನೊಂದರ ಬೋರ್ಡಿಗೆ ಕೂರುವುದಿಲ್ಲ, ಗಾಡಿಯನ್ನೇ ತಪ್ಪಿಸಿಟ್ಟಿದ್ದಾರೆ. ಮುಂದೆ ಪ್ರೊಸೆಸರ್ ಬದಲಿಸುವ ಆಸೆಯಿದ್ದರೆ ಎಎಂ5 ಮೇಲು. ಆದರೆ ಆ ಆಸೆಗೆ ಈಗಲೇ ಹಣ ಕೊಡಬೇಕಾಗುತ್ತದೆ.

ಅದಕ್ಕೂ ಮಿಗಿಲಾಗಿ ರ‍್ಯಾಮ್ ಈಗ ದುಬಾರಿಯಾಗಿದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ರಾಶಿರಾಶಿಯಾಗಿ ಕೊಳ್ಳತೊಡಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಅದರ ಬೆಲೆ ನೆಗೆಯಿತು. ಮೈಕ್ರಾನ್ ಕಂಪನಿ ಕ್ರೂಶಿಯಲ್ ಎಂಬ ಹೆಸರಿನಲ್ಲಿ ಮನೆಬಳಕೆಯವರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಎರಡು ವರ್ಷದ ಹಿಂದಿನ ವೀಡಿಯೊ ನೋಡಿ ಮಕ್ಕಳು ಬರೆದಿಟ್ಟ ಬೆಲೆ ಅಂಗಡಿಯ ಬೆಲೆಗೆ ಹೊಂದದಿರಲು ಇದೇ ಕಾರಣ. ಮಗ ಸುಳ್ಳು ಹೇಳಿದನೆಂದು ಗದರಿಸಬೇಡಿ. 16 ಜಿಬಿ ಬೇಕು, 8 ಜಿಬಿಯ ಎರಡು ಪಟ್ಟಿಗಳಾಗಿ. ಎರಡಿದ್ದರೆ ದತ್ತಾಂಶ ಎರಡು ದಾರಿಯಲ್ಲಿ ಒಟ್ಟಿಗೆ ಹರಿಯುತ್ತದೆ.

ಎಸ್‌ಎಸ್‌ಡಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎನ್‌ವಿಎಂಇ ಬಗೆಯದು, ಕನಿಷ್ಠ 500 ಜಿಬಿ. ಇಂದಿನ ಅನೇಕ ದೊಡ್ಡ ಆಟಗಳು ಒಂದೊಂದೇ 100 ಜಿಬಿ ದಾಟುತ್ತವೆ. 40 ಎಂಬಿಪಿಎಸ್ ಸಂಪರ್ಕದಲ್ಲಿ ಅಷ್ಟನ್ನು ಇಳಿಸಲು ಐದೂವರೆ ಗಂಟೆ ಬೇಕು. ಹಾಗಾಗಿ ಅಳಿಸಿ ಮತ್ತೆ ಇಳಿಸುವುದು ಸುಲಭದ ಕೆಲಸವಲ್ಲ.

ಕಣ್ಣಿಗೆ ಕಾಣದ ಪೆಟ್ಟಿಗೆ

ಈಗ ಎಸ್‌ಎಂಪಿಎಸ್‌ಗೆ ಬರೋಣ. ಈ ಲೇಖನದಲ್ಲಿ ಒಂದೇ ಭಾಗ ಓದಲು ಸಮಯವಿದೆ ಎನ್ನುವ ಪೋಷಕರಿದ್ದರೆ ಇದನ್ನು ಓದಲಿ.

ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12 ವೋಲ್ಟಿನ ನೇರ ವಿದ್ಯುತ್ತಾಗಿ ಮಾಡಿಕೊಡುವುದು ಈ ಪೆಟ್ಟಿಗೆಯ ಮುಖ್ಯ ಕೆಲಸ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಇದೇ 12 ವೋಲ್ಟನ್ನು. ಅಗ್ಗದ ಪೆಟ್ಟಿಗೆಗಳ ಮೇಲೆ ದೊಡ್ಡಕ್ಷರದಲ್ಲಿ 450 ವ್ಯಾಟ್ ಎಂದಿರುತ್ತದೆ. ಅದನ್ನು ನಂಬಬೇಡಿ. ಪಕ್ಕದಲ್ಲಿ ಅಂಟಿಸಿರುವ ಕೋಷ್ಟಕದಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಎಂದು ನೋಡಿ. ಅಲ್ಲಿ 16 ಎಂದಿದ್ದರೆ, ಹತ್ತನೆಯ ತರಗತಿಯ ಸೂತ್ರದಂತೆ ವೋಲ್ಟನ್ನು ಆಂಪಿಯರಿನಿಂದ ಗುಣಿಸಿ: 12 ಇಂಟು 16, ಬರೀ 192 ವ್ಯಾಟ್. 45 ಎಂದಿದ್ದರೆ 540 ವ್ಯಾಟ್. ನಿಮ್ಮ ಮಗಳೇ ಅಂಗಡಿಯಲ್ಲಿ ನಿಂತು ಈ ಲೆಕ್ಕ ಮಾಡಬಲ್ಲಳು.

ನಮಗೆ ಎಷ್ಟು ಬೇಕು? ಆರ್‌ಟಿಎಕ್ಸ್ 5060ಕ್ಕೆ 145 ವ್ಯಾಟ್, ರೈಜೆನ್ 5 5600ಕ್ಕೆ ಪೂರ್ಣ ಹೊರೆಯಲ್ಲಿ 76, ಉಳಿದವಕ್ಕೆಲ್ಲ 50 ಎಂದುಕೊಂಡರೆ ಒಟ್ಟು 271. ಗ್ರಾಫಿಕ್ಸ್ ಕಾರ್ಡು ಕ್ಷಣಮಾತ್ರ ಹೆಚ್ಚು ಎಳೆಯುವುದುಂಟು, ಬೇಸಿಗೆಯ ಬಿಸಿಯೂ ಇದೆ. ಆದ್ದರಿಂದ 550 ವ್ಯಾಟಿನದು ಸರಿಯಾದ ಆಯ್ಕೆ. ‘80 ಪ್ಲಸ್ ಬ್ರಾಂಜ್’ ಎಂಬ ಮುದ್ರೆ ಇರಲಿ. ಅರ್ಧ ಹೊರೆಯಲ್ಲಿ ಕನಿಷ್ಠ ಶೇಕಡ 85 ದಕ್ಷತೆ ಇದೆ ಎಂದು ಅದರ ಅರ್ಥ. ಕ್ಯಾಬಿನೆಟ್ಟಿನ ಜೊತೆಗೆ ‘ಉಚಿತ’ವಾಗಿ ಬರುವ ಎಸ್‌ಎಂಪಿಎಸ್ ಆಟದ ಯಂತ್ರಕ್ಕೆ ಬೇಡವೇ ಬೇಡ. ಪ್ರೊಸೆಸರ್ ಕೆಟ್ಟರೆ ಪ್ರೊಸೆಸರ್ ಒಂದೇ ಕೆಡುತ್ತದೆ. ಕಳಪೆ ಎಸ್‌ಎಂಪಿಎಸ್ ಕೆಟ್ಟರೆ ತಾನು ಹೋಗುವಾಗ ಇಪ್ಪತ್ತೈದು ಸಾವಿರದ ಕಾರ್ಡನ್ನೂ ಕರೆದುಕೊಂಡು ಹೋಗಬಹುದು.

ವಿದ್ಯುತ್ ಬಿಲ್ಲಿನ ಲೆಕ್ಕವನ್ನೂ ಮಾಡಿಬಿಡೋಣ. 271 ವ್ಯಾಟನ್ನು 0.85ರಿಂದ ಭಾಗಿಸಿದರೆ ಗೋಡೆಯಿಂದ ಎಳೆಯುವುದು ಸುಮಾರು 320. ಪರದೆಯೂ ಸೇರಿ 350 ಎನ್ನಿ. ದಿನಕ್ಕೆ ಎರಡು ಗಂಟೆ ಆಡಿದರೆ ತಿಂಗಳಿಗೆ ಹೆಚ್ಚೆಂದರೆ 21 ಯೂನಿಟ್. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಯವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ.

ಯುಪಿಎಸ್‌ನಲ್ಲೂ ಇದೇ ಲೆಕ್ಕ ಬೇಕು. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ನಮ್ಮ ಯಂತ್ರ ಆಟದ ನಡುವೆ ಅದರ ಅಂಚಿಗೇ ಬರುತ್ತದೆ. ಕರೆಂಟು ಹೋದ ಕ್ಷಣದಲ್ಲೇ ಯುಪಿಎಸ್ ಕೂಗಿ ಆರಿದರೆ ಅದು ಇದ್ದೂ ಪ್ರಯೋಜನವೇನು? 1,000 ವಿಎಯದು ಬೇಕು.

ಇನ್ನು ಅರ್ತಿಂಗ್. ಕ್ಯಾಬಿನೆಟ್ ಮುಟ್ಟಿದರೆ ‘ಚುರುಕ್’ ಎನ್ನುತ್ತದೆ ಎಂದು ಅನೇಕರು ದೂರುತ್ತಾರೆ. ಕಂಪ್ಯೂಟರಿನದು ತಪ್ಪಲ್ಲ. ಎಸ್‌ಎಂಪಿಎಸ್ ಒಳಗೆ ವಿದ್ಯುತ್ತಿನ ಗಲಭೆಯನ್ನು ಸೋಸುವ ಎರಡು ಸಣ್ಣ ಧಾರಕಗಳು ಎರಡು ತಂತಿಗಳಿಂದಲೂ ಕ್ಯಾಬಿನೆಟ್ಟಿಗೆ ಜೋಡಿಸಿರುತ್ತವೆ. ಅರ್ತ್ ಇದ್ದರೆ ಆ ಅಲ್ಪ ವಿದ್ಯುತ್ತು ನೆಲಕ್ಕೆ ಹರಿದುಹೋಗುತ್ತದೆ. ಇಲ್ಲದಿದ್ದರೆ ಲೋಹದ ಪೆಟ್ಟಿಗೆ ಮನೆಯ ವೋಲ್ಟೇಜಿನ ಸುಮಾರು ಅರ್ಧದಲ್ಲಿ ತೇಲುತ್ತಿರುತ್ತದೆ. ಪ್ರವಾಹ ಒಂದು ಮಿಲಿಆಂಪಿಯರಿಗಿಂತ ಕಡಿಮೆ, ಚುರುಕ್ ಎನ್ನುವಷ್ಟೇ. ಆದರೆ ಅದು ನಿಮ್ಮ ಮನೆಯ ಮೂರನೆಯ ತೂತಿನ ಹಿಂದೆ ತಂತಿಯೇ ಇಲ್ಲ ಎಂಬುದರ ಸೂಚನೆ. ಹಳೆಯ ಮನೆಗಳಲ್ಲಿ ಇದು ಸಾಮಾನ್ಯ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಸುಮ್ಮನಾಗದೆ ಎಲೆಕ್ಟ್ರಿಶಿಯನ್‌ನನ್ನು ಕರೆಸಿ. ಮಿಕ್ಸಿಗೂ ಗೀಸರಿಗೂ ಅದೇ ಅರ್ತ್ ಬೇಕಲ್ಲವೇ?

ಕ್ಯಾಬಿನೆಟ್ ಆರಿಸುವಾಗ ಮುಂಭಾಗ ಜಾಲರಿಯದಿರಲಿ. ಮುಂದೆಯೂ ಗಾಜಿದ್ದರೆ ಗಾಳಿ ಒಳಗೆ ಬರುವುದೆಲ್ಲಿಂದ? ರಾಯಚೂರು, ಕಲಬುರ್ಗಿಯ ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ದಾಟುತ್ತದೆ. ಚಿಪ್‌ಗಳು ಮಿತಿಮೀರಿ ಕಾದಾಗ ತಮ್ಮ ರಕ್ಷಣೆಗೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಕಾಸು ಕೊಟ್ಟು ತಂದ ವೇಗ ಹೀಗೆ ಕಾವಿನಲ್ಲಿ ಕರಗುತ್ತದೆ.

ಎಪ್ಪತ್ತು ಸಾವಿರ ಇಲ್ಲದಿದ್ದರೆ?

ಬಹುಪಾಲು ಮನೆಗಳ ಪ್ರಶ್ನೆ ಇದೇ. ಸಾಲ ಮಾಡಿ, ಕಂತಿನಲ್ಲಿ ಕೊಳ್ಳುವುದು ನನಗೆ ಸರಿಕಾಣದು. ಅದಕ್ಕಿಂತ ಯಂತ್ರವನ್ನೇ ಎರಡು ಕಂತಿನಲ್ಲಿ ಕಟ್ಟಬಹುದು. ಬಿಡಿಭಾಗಗಳ ಕಂಪ್ಯೂಟರಿನ ದೊಡ್ಡ ಅನುಕೂಲ ಇದು. ಲ್ಯಾಪ್‌ಟಾಪಿನಲ್ಲಿ ಇದು ಆಗದು.

ರೈಜೆನ್ 5 5600ಜಿ ಎಂಬ ಪ್ರೊಸೆಸರ್ ಇದೆ. ತುದಿಯ ‘ಜಿ’ ಎಂದರೆ ಒಳಗೇ ಸಾಕಷ್ಟು ಗ್ರಾಫಿಕ್ಸ್ ಇದೆ ಎಂದು. ಇದನ್ನು ಎರಡು ಪಟ್ಟಿ ರ‍್ಯಾಮ್‌ನೊಂದಿಗೆ ಹಾಕಿದರೆ ವ್ಯಾಲೊರಂಟ್‌ನಂಥ ಹಗುರ ಆಟಗಳು, ಹಳೆಯ ಆಟಗಳು, ಪೈಥಾನ್, ಸಿ ಭಾಷೆಯ ಪಾಠಗಳು ಎಲ್ಲವೂ ನಡೆಯುತ್ತವೆ. ಗ್ರಾಫಿಕ್ಸ್ ಕಾರ್ಡಿನ ಮೂರನೇ ಒಂದು ಪಾಲಿನ ಹಣ ಸದ್ಯಕ್ಕೆ ಉಳಿಯುತ್ತದೆ. ಎರಡನೆಯ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಕಾರ್ಡು ತಂದು ಸಿಕ್ಕಿಸಿದರಾಯಿತು. ಷರತ್ತು ಒಂದೇ: 550 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್ ಮೊದಲ ದಿನವೇ ಇರಬೇಕು.

ಇದರಲ್ಲಿ ಒಂದು ಕೊರತೆಯೂ ಇದೆ. 5600ಜಿಯ ಒಳಗಿನ ವೇಗದ ಸಂಗ್ರಹ 16 ಎಂಬಿ. 5600ರಲ್ಲಿ 32 ಎಂಬಿ. ಕಾರ್ಡು ಹಾಕಿದ ಮೇಲೆ ಇಬ್ಬರಲ್ಲಿ 5600 ಸ್ವಲ್ಪ ಮುಂದಿರುತ್ತದೆ. ಮೂರ್ನಾಲ್ಕು ತಿಂಗಳಲ್ಲೇ ಕಾರ್ಡು ಬರುವುದು ಖಚಿತವಿದ್ದರೆ ಕಾದು 5600 ಕೊಳ್ಳುವುದೇ ಸರಿ. ಒಂದೆರಡು ವರ್ಷವಾಗುವುದಾದರೆ ‘ಜಿ’ ಆಗಲಿ.

ಹಳೆಯ ಕಾರ್ಡು ಕೊಳ್ಳಬಹುದೇ ಎಂದು ಮಕ್ಕಳು ಕೇಳುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಡಿಜಿಟಲ್ ನಾಣ್ಯ ತನ್ನ ಪದ್ಧತಿ ಬದಲಿಸಿದಾಗ, ಅದನ್ನು ಗಣಿಸಲು ಹಗಲುರಾತ್ರಿ ದುಡಿದ ಕಾರ್ಡುಗಳು ರಾಶಿಯಾಗಿ ಮಾರುಕಟ್ಟೆಗೆ ಬಂದವು. ಅವೆಲ್ಲ ಕೆಟ್ಟವೆಂದಲ್ಲ. ಆದರೆ ಖಾತರಿಯ ಅವಧಿ ಉಳಿದಿರುವ, ಮೂಲ ಬಿಲ್ಲಿರುವ, ನಿಮ್ಮ ಕಣ್ಣೆದುರು ಅರ್ಧ ಗಂಟೆ ಆಟ ಓಡಿಸಿ ತೋರಿಸುವ ಕಾರ್ಡಾದರೆ ಮಾತ್ರ ಕೈಹಾಕಿ. ಹಳೆಯ ಎಸ್‌ಎಂಪಿಎಸ್ ಮಾತ್ರ ಬೇಡ.

ಕೊಳ್ಳುವ ದಿನ

ಬೆಂಗಳೂರಿನಲ್ಲಾದರೆ ಟೌನ್‌ಹಾಲ್ ಬಳಿಯ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ, ಇದಕ್ಕೆ ಹೆಸರುವಾಸಿ. ಒಂದೇ ಬೀದಿಯಲ್ಲಿ ಹತ್ತಾರು ಅಂಗಡಿಗಳಿರುವುದರಿಂದ ಬೆಲೆ ಹೋಲಿಸುವುದು ಸುಲಭ. ಮೊದಲ ಅಂಗಡಿಯಲ್ಲೇ ಕೊಳ್ಳದೆ ಮೂರು ಕಡೆ ಬರೆಸಿಕೊಳ್ಳಿ. ‘ಬಿಲ್ ಬೇಡವಾದರೆ ಇಷ್ಟು ಕಡಿಮೆ’ ಎನ್ನುವ ಮಾತು ಎಲ್ಲಾದರೂ ಕೇಳಿಬಂದೀತು. ಶೇಕಡ 18ರ ಜಿಎಸ್‌ಟಿ ಉಳಿಸುವ ಆಸೆಗೆ ಖಾತರಿಯನ್ನೇ ಕಳೆದುಕೊಳ್ಳಬೇಡಿ. ಬಿಲ್ಲಿನಲ್ಲಿ ಪ್ರತಿಯೊಂದು ಭಾಗದ ಪೂರ್ತಿ ಹೆಸರು, ಸರಣಿ ಸಂಖ್ಯೆ ಇರಬೇಕು. ಪ್ರೊಸೆಸರ್ ಕಂಪನಿಯ ಡಬ್ಬಿಯಲ್ಲೇ ಇರಬೇಕು. ಬಿಡಿಯಾಗಿ ಬರುವ ‘ಟ್ರೇ’ ಪ್ರೊಸೆಸರಿಗೆ ಫ್ಯಾನೂ ಇಲ್ಲ, ಡಬ್ಬಿಯದಕ್ಕಿರುವ ಮೂರು ವರ್ಷದ ಕಂಪನಿ ಖಾತರಿಯೂ ಇಲ್ಲ.

ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರಿನವರು ಇನ್ನೊಂದು ಪ್ರಶ್ನೆ ಕೇಳಬೇಕು. ಈ ಕಾರ್ಡು ಕೆಟ್ಟರೆ ದುರಸ್ತಿ ಯಾವ ಊರಿನಲ್ಲಿ? ಐನೂರು ರೂಪಾಯಿ ಉಳಿಸಿ ಎರಡು ಸಲ ಬೆಂಗಳೂರಿಗೆ ಓಡಾಡುವುದಾದರೆ ಊರಿನ ಅಂಗಡಿಯಲ್ಲೇ ಕೊಳ್ಳುವುದು ಲಾಭ.

ಜೋಡಣೆಯನ್ನು ಅಂಗಡಿಯವರೇ ಮಾಡಿಕೊಡುತ್ತಾರೆ. ಆದರೆ ಮಕ್ಕಳು ಪಕ್ಕದಲ್ಲಿ ನಿಂತು ನೋಡಲಿ, ಧೈರ್ಯವಿದ್ದರೆ ತಾವೇ ಮಾಡಲಿ. ಸ್ಕ್ರೂಡ್ರೈವರ್ ಒಂದು ಸಾಕು. ಮೈಯಲ್ಲಿನ ಸ್ಥಿರ ವಿದ್ಯುತ್ತು ಚಿಪ್ಪಿಗೆ ಹಾರದಂತೆ ಮೊದಲು ಅರ್ತ್ ಆಗಿರುವ ಲೋಹವನ್ನು ಮುಟ್ಟಬೇಕು. ಪ್ರೊಸೆಸರನ್ನು ಒತ್ತಿ ಕೂರಿಸಬಾರದು. ತ್ರಿಕೋನದ ಗುರುತು ಹೊಂದಿಸಿದರೆ ತಾನೇ ಕೂರುತ್ತದೆ.

ಮನೆಗೆ ತಂದ ಮೇಲೆ ಬಹಳ ಮಂದಿ ಎಡವುವ ಜಾಗ ಒಂದಿದೆ. ಪರದೆಯ ತಂತಿಯನ್ನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸುತ್ತಾರೆ. ಅದನ್ನು ಕೆಳಗಡೆ ಅಡ್ಡವಾಗಿರುವ ಗ್ರಾಫಿಕ್ಸ್ ಕಾರ್ಡಿನ ಕಿಂಡಿಗೇ ಹಾಕಬೇಕು. ಇಲ್ಲದಿದ್ದರೆ 24 ಸಾವಿರದ ಕಾರ್ಡು ಒಳಗೆ ಸುಮ್ಮನೆ ಕುಳಿತಿರುತ್ತದೆ. ವಿಂಡೋಸ್‌ನ ಡಿಸ್‌ಪ್ಲೇ ಆಯ್ಕೆಯಲ್ಲಿ ರಿಫ್ರೆಶ್ ದರವನ್ನೂ ನೋಡಬೇಕು. 144 ಹರ್ಟ್ಜ್ ಪರದೆ 60ರಲ್ಲೇ ಓಡುತ್ತಿರುವ ಮನೆಗಳು ಎಷ್ಟೋ ಇವೆ. ರ‍್ಯಾಮ್ ಕೂಡ ಡಬ್ಬಿಯ ಮೇಲೆ ಬರೆದ ವೇಗದಲ್ಲಿ ಓಡಬೇಕಾದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬುದನ್ನು ಚಾಲೂ ಮಾಡಬೇಕು.

ಮೊದಲ ವಾರದಲ್ಲಿ ಒಮ್ಮೆ ಭಾರದ ಆಟವೊಂದನ್ನು ಒಂದು ಗಂಟೆ ಬಿಡದೆ ಓಡಿಸಿ ತಾಪ ಬರೆದಿಟ್ಟುಕೊಳ್ಳಿ. ತಾನೇ ಆರಿ ಮತ್ತೆ ಹೊತ್ತಿದರೆ, ಪರದೆಯಲ್ಲಿ ಗೆರೆ ಮೂಡಿದರೆ, ಸುಟ್ಟ ವಾಸನೆ ಬಂದರೆ ಅಂದೇ ಅಂಗಡಿಗೆ ಒಯ್ಯಬೇಕು. ತಡವಾದಷ್ಟೂ ಬದಲಿ ಸಿಗುವುದು ಕಷ್ಟ. ಡಬ್ಬಿಗಳನ್ನು ರದ್ದಿಗೆ ಹಾಕಬೇಡಿ. ಖಾತರಿ ಮುಗಿಯುವವರೆಗೂ ಅವು ಅಟ್ಟದ ಮೇಲಿರಲಿ, ಬಿಲ್ಲಿನ ಪ್ರತಿಯೊಂದು ಅದರೊಳಗಿರಲಿ.